ಬೋರಿವಲಿಯಲ್ಲದ ನ್ಯಾಷನಲ್ ಪಾರ್ಕಿಗೆ ಹೋಗಿ ಬರುವ ಕುರಿತು

ಪ್ರವಾಸ ವಿಭಾಗ
ಸಯನ್, ಮುಂಬಯಿ

ಸುತ್ತೋಲೆ ಸಂಖ್ಯೆ: ಪ್ರವಿ/ಪರ್ವತ/ಹಿಂಪಡೆತ/೧

ವಿಷಯ: ದೂರದ ಪರ್ವತ ಪ್ರದೇಶದ ರಾಷ್ಟ್ರೀಯ ಉದ್ಯಾನಕ್ಕೆ ಚಾರಣ ಹೊರಟ ಸದಸ್ಯರಿಗೆಂದು ಹೊರಡಿಸಲಾಗಿದ್ದ ನಿಯಮಗಳನ್ನು, ಅವು ಹುಟ್ಟಿದ ಕಾರಣಗಳ ಸಮೇತ, ಹಿಂಪಡೆಯುವ ಬಗ್ಗೆ.

ಉಲ್ಲೇಖ: (ಅ) ವಾರ್ಷಿಕ ಸಭೆಯ ನಡಾವಳಿ, ಎಲ್ಲರೂ ಕೈ ಎತ್ತಿದ ಭಾಗ. (ಆ) ವಿಭಾಗದ ಮುಖ್ಯಸ್ಥರು ಒಂದರ ಬೆನ್ನಿಗೆ ಒಂದರಂತೆ ಹೊರಡಿಸಿದ ಸುತ್ತೋಲೆಗಳು. (ಇ) ಸಯನ್ ಕಿಲ್ಲಾದ ಕಲ್ಲುಬೆಂಚಿನ ಮೇಲೆ ನಡೆದ ಮೌಖಿಕ ಚರ್ಚೆ.

ಪೀಠಿಕೆ

ಎಲ್ಲ ಸದಸ್ಯರ ಗಮನಕ್ಕೆ ತರುವುದೇನೆಂದರೆ, ನಮ್ಮ ಕನ್ನಡ ಸಂಘದ ಈ ವಿಭಾಗವು ಹುಟ್ಟಿದಾಗಿನಿಂದ ಬಸ್ಸು ಹೋಗಿ ನಿಲ್ಲುವ ಜಾಗಗಳಿಗೆ ಮಾತ್ರ ಪ್ರವಾಸ ಏರ್ಪಡಿಸುತ್ತ ಬಂದಿರುತ್ತದೆ. ಬಸ್ಸಿನಿಂದ ದೇವರವರೆಗೆ, ದೇವರಿಂದ ಊಟದವರೆಗೆ, ಊಟದಿಂದ ಮರಳಿ ಬಸ್ಸಿನವರೆಗೆ ನಡೆಯುವುದನ್ನು ವಿಭಾಗದ ಕಡತಗಳಲ್ಲಿ ‘ನಡಿಗೆ’ ಎಂದು ನಮೂದಿಸಲಾಗಿದೆ. ವಿಭಾಗದ ಮುಖ್ಯಸ್ಥರಾದ ಅಣ್ಣು ಅವರು ಸಯನ್ ಸ್ಟೇಷನ್ನಿನ ಬಳಿ ಹೋಟೆಲ್ ನಡೆಸುವವರಾದ್ದರಿಂದ, ಈ ಪೈಕಿ ಊಟಕ್ಕೆ ಹೆಚ್ಚಿನ ಮಹತ್ವ ದೊರೆತಿರುವುದು ಸಹಜವೆಂದು ಭಾವಿಸಲಾಗಿದೆ.

ಹೀಗಿರುವಲ್ಲಿ, ಕಳೆದ ವಾರ್ಷಿಕ ಸಭೆಯಲ್ಲಿ ಮುಖ್ಯಸ್ಥರ ಮಗಳು ಯಕ್ಷಿತಾ ಎದ್ದು ನಿಂತರು. ಇವರು ಗೋರೆಗಾಂವ್‌ನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದು, ರಜೆ ಸಿಕ್ಕಾಗಲೆಲ್ಲ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹತ್ತುವ ಅಭ್ಯಾಸವುಳ್ಳವರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ನಡುನಡುವೆ ನಿಂತು ದಾರಿ ಹುಡುಕಬೇಕಾಗುತ್ತದೆ. “ಈ ಸಲ ನಾವೆಲ್ಲ ನ್ಯಾಷನಲ್ ಪಾರ್ಕಿಗೆ ಟ್ರೆಕ್ ಹೋಗುವಾ,” ಎಂದರು. ಸಭಾಂಗಣದಲ್ಲಿದ್ದ ಸಮಸ್ತರೂ ಕೈ ಎತ್ತಿದರು.

ಇದಕ್ಕೆ ಕಾರಣವಿಲ್ಲದಿಲ್ಲ. ಮುಂಬಯಿಯಲ್ಲಿ ನ್ಯಾಷನಲ್ ಪಾರ್ಕ್ ಎಂದರೆ ಬೋರಿವಲಿ. ಬೆಳಗಿನ ಲೋಕಲ್ ಹಿಡಿದು ಹೋಗುವುದು, ಮರದ ಕೆಳಗೆ ಚಾದರ ಹಾಸಿ ಡಬ್ಬಿ ಬಿಚ್ಚುವುದು, ಜಿಂಕೆ ನೋಡುವುದು, ಸಂಜೆಯ ಲೋಕಲ್‌ನಲ್ಲಿ ಮನೆ ಸೇರುವುದು. ಠರಾವು ಸರ್ವಾನುಮತದಿಂದ ಅಂಗೀಕಾರವಾಗಿ ಚಹಾ ಕೂಡ ಬಂದ ಮೇಲೆ, ಯಕ್ಷಿತಾ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಹಿಮ ಹೊದ್ದ ಶಿಖರಗಳು, ಅವುಗಳ ಕೆಳಗೆ ಕಪ್ಪು ಕಾಡು, ಕಾಡಿನ ನಡುವೆ ನೂಲಿನಂತಹ ಒಂದು ಹೊಳೆ.

ಹಿಂದಿನ ಸಾಲಿನ ಸದಸ್ಯರೊಬ್ಬರು, “ಇದು ಬೋರಿವಲಿ ಈಸ್ಟ್‌ನಲ್ಲಿ ಬರುದಾ?” ಎಂದು ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆ.

“ಅಲ್ಲ ಅಂಕಲ್, ಹಿಮಾಲಯ. ಮೊದಲು ಟ್ರೇನ್, ಆಮೇಲೆ ಬಸ್, ಆಮೇಲೆ ಜೀಪ್, ಆಮೇಲೆ... ಮತ್‌ಲಬ್, ಆಮೇಲೆ ನಾವೇ.”

ಚಹಾದ ಲೋಟಗಳು ಖಾಲಿಯಾಗುವಷ್ಟರಲ್ಲಿ ಮೊಣಕಾಲು, ಮದುವೆ ಮನೆ, ಮೊಮ್ಮಕ್ಕಳ ಪರೀಕ್ಷೆ ಮುಂತಾದ ಕಾರಣಗಳನ್ನು ನೀಡಿ ಸಮಸ್ತರೂ ಕೈ ಇಳಿಸಿದರು. ಇಳಿಸದೆ ಉಳಿದವರು ಇಬ್ಬರು. ಒಬ್ಬರು ವಿಜಯಪುರ ಕಡೆಯ ಅಣವೀರಪ್ಪ. ಗೋರೆಗಾಂವ್‌ನಲ್ಲಿ ಎದ್ದು ನಿಲ್ಲುತ್ತಿರುವ ಗಗನಚುಂಬಿ ಕಟ್ಟಡಗಳ ಕೆಲಸದಲ್ಲಿ ಆಳುಗಳ ಮೇಲಿನ ಮುಕಾದಮರು. “ಇಷ್ಟ್ ವರ್ಷ ನಾವು ಕಟ್ಟಿದ್ದನ್ನ ನಾವ ಹತ್ತೇವ್ರಿ. ಯಾರೂ ಕಟ್ಟಲಾರದ್ದು ಒಂದು ಹತ್ತಿ ನೋಡೂಣು ಅಂತ,” ಎಂಬುದು ಅವರು ನೀಡಿದ ಹೇಳಿಕೆ.

ಇನ್ನೊಬ್ಬರು ಮುಖ್ಯಸ್ಥರ ಸ್ವಂತ ಅಕ್ಕ ನೀಲಾವತಿ.

ಸದರಿ ನೀಲಾವತಿಯವರ ಬಗ್ಗೆ ವಿಭಾಗವು ಎರಡು ಮಾತು ಹೇಳುವುದು ಅಗತ್ಯವಾಗಿದೆ. ತಾಯಿ ತೀರಿಕೊಂಡ ಮೇಲೆ ಕಾಪುವಿನಿಂದ ಪುಟ್ಟ ತಮ್ಮನ ಕೈ ಹಿಡಿದುಕೊಂಡು ಈ ಊರಿಗೆ ಬಂದವರು. ಸೋದರಮಾವನ ಹೋಟೆಲಿನಲ್ಲಿ ಕಾಯಿ ತುರಿಯುವುದರಿಂದ ತೊಡಗಿ, ಮಾವ ಕಾಲವಾದ ಮೇಲೆ ಗಲ್ಲಾದಲ್ಲಿ ಕೂತವರು ಅಲ್ಲಿಂದ ಏಳಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಹೋಟೆಲಿಗೆ ಏನಾದರೊಂದು ಅಡಚಣೆ ಬರುತ್ತಿತ್ತು. ಕೊನೆಗೆ ಮಾತು ಬರುವುದೇ ನಿಂತಿತು. ಶನಿವಾರದ ಮುಂಜಾನೆ ದೊಡ್ಡ ದೊಡ್ಡ ಚೀಲ ಹೊತ್ತ ಹುಡುಗರು ಹುಡುಗಿಯರು ಇಡ್ಲಿ ತಿನ್ನಲು ಬಂದು, ಗದ್ದಲ ಮಾಡಿ, ಯಾವುದೋ ಘಾಟಿನ ಕಡೆಗೆ ಹೊರಟುಹೋಗುವುದನ್ನು ಗಲ್ಲಾದಲ್ಲಿ ಕೂತೇ ನೋಡಿದವರು. ಎಲ್ಲಿಗೆ ಎಂದು ಯಾವತ್ತೂ ಕೇಳಿದವರಲ್ಲ.

ಸಭೆ ಮುಗಿದ ಮೇಲೆ ಮುಖ್ಯಸ್ಥರು ಅಕ್ಕನ ಹೆಸರನ್ನು ತಾವೇ ಹೊಡೆದುಹಾಕಲು ಹೊರಟಾಗ, ನೀಲಾವತಿಯವರು ತಡೆದರು.

“ಬೋರಿವಲಿ ಅಂತ ತಿಳ್ಕೊಂಡೇ ಕೈ ಎತ್ತಿದ್ದು ಅಣ್ಣು. ಎತ್ತಿದ ಮೇಲೆ ಕಂಡದ್ದು ಬೇರೆ. ಈಗ ಇಳಿಸ್ಲಿಕ್ಕೆ ಮನಸ್ಸಿಲ್ಲ.”

ಮುಖ್ಯಸ್ಥರು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮರುದಿನದಿಂದ ಸುತ್ತೋಲೆಗಳು ಹೊರಡತೊಡಗಿದವು. ಅವುಗಳ ವಿವರವನ್ನೂ ಹಿಂಪಡೆತವನ್ನೂ ಈ ಕೆಳಗೆ ಕ್ರಮವಾಗಿ ತಿಳಿಸಲಾಗಿದೆ.

೧. ವಯಸ್ಸು

ಐವತ್ತೈದು ದಾಟಿದ ಸದಸ್ಯರು ಎತ್ತರದ ಸ್ಥಳಗಳನ್ನು ಹತ್ತತಕ್ಕದ್ದಲ್ಲ ಎಂದು ಮೊದಲ ಸುತ್ತೋಲೆಯಲ್ಲಿ ಆದೇಶಿಸಲಾಗಿತ್ತು. ವಿಭಾಗದ ಕಚೇರಿಯು ಮೂರನೆಯ ಮಹಡಿಯಲ್ಲಿದ್ದು ಕಟ್ಟಡಕ್ಕೆ ಲಿಫ್ಟ್ ಇಲ್ಲದಿರುವ ಕಾರಣ, ಸದರಿ ನಿಯಮದಂತೆ ಮುಖ್ಯಸ್ಥರನ್ನೂ ಒಳಗೊಂಡು ಯಾವ ಪದಾಧಿಕಾರಿಯೂ ಕಚೇರಿಗೆ ಬರುವಂತಿರಲಿಲ್ಲ. ಮುಂದಿನ ಸಭೆಯನ್ನು ಕೆಳಗೆ, ಸ್ಕೂಟರುಗಳ ನಡುವೆ ನಿಂತುಕೊಂಡೇ ನಡೆಸಬೇಕಾಯಿತು. ಆ ಸಭೆಯಲ್ಲೇ ನಿಯಮವನ್ನು ಅಮಾನತಿನಲ್ಲಿಡಲಾಯಿತು. ಈಗ ಪೂರ್ತಿಯಾಗಿ ಹಿಂಪಡೆಯಲಾಗಿದೆ.

೨. ವೈದ್ಯಕೀಯ ಪ್ರಮಾಣಪತ್ರ

ಅರವತ್ತರ ಆಸುಪಾಸಿನ ಸದಸ್ಯರು ವೈದ್ಯರಿಂದ ಪ್ರಮಾಣಪತ್ರ ತರತಕ್ಕದ್ದೆಂದು ಸೂಚಿಸಲಾಯಿತು. ನೀಲಾವತಿಯವರು ಮಧ್ಯಾಹ್ನಕ್ಕೆ ಮುಂಚೆಯೇ ತಂದರು. ಪ್ರಮಾಣಪತ್ರ ನೀಡಿದ ವೈದ್ಯರು ದಿನಾ ಬೆಳಿಗ್ಗೆ ಇದೇ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುವವರೆಂದು ಮುಖ್ಯಸ್ಥರು ಆಕ್ಷೇಪ ಎತ್ತಿದ್ದರಿಂದ, ‘ಹೋಟೆಲಿನೊಂದಿಗೆ ಯಾವುದೇ ಉಪಾಹಾರ ಸಂಬಂಧವಿಲ್ಲದ ವೈದ್ಯರು’ ಎಂದು ತಿದ್ದುಪಡಿ ಮಾಡಲಾಯಿತು. ಸಯನ್‌ನಲ್ಲಿ ವಿಚಾರಿಸಲಾಗಿ ಅಂಥ ವೈದ್ಯರು ಸಿಗಲಿಲ್ಲ. ಕೊನೆಗೆ ದಾದರ್‌ಗೆ ಹೋಗಬೇಕಾಯಿತು. ಅಲ್ಲಿಯ ಮರಾಠಿ ವೈದ್ಯರು ನೀಲಾವತಿಯವರ ಎದೆ, ನಾಡಿ, ರಕ್ತದೊತ್ತಡ ಎಲ್ಲವನ್ನೂ ಪರಿಶೀಲಿಸಿ, ಜೊತೆಗೆ ಬಂದ ಮುಖ್ಯಸ್ಥರದ್ದನ್ನೂ ಪರಿಶೀಲಿಸಿ, ಅಕ್ಕನವರು ಎಲ್ಲಿಗೆ ಬೇಕಾದರೂ ಹೋಗಬಹುದೆಂದೂ ತಮ್ಮನವರು ಉಪ್ಪು ಕಡಿಮೆ ಮಾಡಬೇಕೆಂದೂ ಬರೆದುಕೊಟ್ಟರು. ಆಮೇಲೆ ಹೋಟೆಲ್ ಎಲ್ಲಿದೆ ಎಂದು ವಿಚಾರಿಸಿಕೊಂಡರು.

೩. ಕರಡಿ

ಸದರಿ ಉದ್ಯಾನದಲ್ಲಿ ಕರಡಿಗಳಿವೆಯೆಂದು ಮುಖ್ಯಸ್ಥರು ಎಲ್ಲಿಯೋ ಓದಿದ ದಿನ, ಕರಡಿ ಎದುರಾದಲ್ಲಿ ತಾವು ಏನು ಮಾಡುವರೆಂದು ಪ್ರತಿ ಸದಸ್ಯರೂ ತಿಳಿಸಬೇಕೆಂಬ ನಿಯಮ ಜಾರಿಗೆ ಬಂತು. ಕರಡಿಯನ್ನು ಯಾವ ಭಾಷೆಯಲ್ಲಿ ಉದ್ದೇಶಿಸಿ ಮಾತನಾಡಬೇಕು ಎಂಬ ಉಪಪ್ರಶ್ನೆಯ ಮೇಲೆ ಪದಾಧಿಕಾರಿಗಳಲ್ಲಿ ದೀರ್ಘ ಚರ್ಚೆ ನಡೆದು, ಮೊದಲು ಹಿಂದಿಯಲ್ಲಿ, ಓಡುವಾಗ ಅವರವರ ಮಾತೃಭಾಷೆಯಲ್ಲಿ ಎಂದು ತೀರ್ಮಾನಿಸಲಾಯಿತು. ನೀಲಾವತಿಯವರ ಉತ್ತರ ಹೀಗಿತ್ತು:

“ಸುಮ್ಮನೆ ನಿಲ್ಲುದು. ಮಧ್ಯಾಹ್ನದ ಗಿರಾಕಿಗಳಷ್ಟು ಹಸಿವು ಕರಡಿಗೆ ಇರ್ಲಿಕ್ಕಿಲ್ಲ.”

ಸದರಿ ಉತ್ತರವನ್ನು ತೃಪ್ತಿಕರವೆಂದು ಪರಿಗಣಿಸದೆ ಬೇರೆ ದಾರಿಯಿರಲಿಲ್ಲ.

೪. ಗುಡಾರದಲ್ಲಿ ಮಲಗುವ ಪೂರ್ವಾಭ್ಯಾಸ

ಯಕ್ಷಿತಾ ಬಾಡಿಗೆಗೆ ತಂದ ಗುಡಾರವನ್ನು ಮುಖ್ಯಸ್ಥರ ಬಿಲ್ಡಿಂಗಿನ ಟೆರೇಸ್ ಮೇಲೆ ಹಾಕಿ, ಚಾರಣಿಗರು ಅದರಲ್ಲಿ ಮಲಗಿ ಎದ್ದು ತೋರಿಸತಕ್ಕದ್ದೆಂದು ಸೂಚಿಸಲಾಯಿತು. ಟೆರೇಸಿನಲ್ಲಿ ಮೊಳೆ ಹೊಡೆದರೆ ಕೆಳಗಿನ ಮನೆಗಳು ಸೋರುತ್ತವೆಯಾದ್ದರಿಂದ ಗುಡಾರದ ಹಗ್ಗಗಳನ್ನು ನೀರಿನ ಟಾಕಿಯ ಪೈಪುಗಳಿಗೆ ಕಟ್ಟಲಾಯಿತು. ಬೆಳಿಗ್ಗೆ ನೋಡಲಾಗಿ, ನೀಲಾವತಿಯವರು ತಮ್ಮ ಮಲಗುಚೀಲವನ್ನು ನೀಟಾಗಿ ಸುತ್ತಿಟ್ಟು ಹೋಟೆಲಿಗೆ ಹೋಗಿಯೂ ಆಗಿತ್ತು. ಅಣವೀರಪ್ಪನವರು ಮಾತ್ರ ಕುತ್ತಿಗೆಯವರೆಗೂ ಚೀಲದೊಳಗೇ ಇದ್ದರು. ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳು ನೀರು ಯಾಕೆ ಬರುತ್ತಿಲ್ಲವೆಂದು ಕೇಳಲು ಮೇಲೆ ಬಂದವರು, ಟಾಕಿಗೆ ಒರಗಿ ನಿಂತಿದ್ದ ಮನುಷ್ಯನ ಗಾತ್ರದ ಗಂಟನ್ನು ಕಂಡು ಬಂದ ವಿಷಯ ಮರೆತರು.

ಅಣವೀರಪ್ಪನವರ ಪತ್ನಿ ಸುಂದ್ರವ್ವನವರನ್ನು ಕರೆಸಲಾಯಿತು. ಅವರು ಸೆರಗು ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಜಿಪ್ಪನ್ನು ಎಳೆದಾಡಿ ನೋಡಿದರು.

“ಹೊರಗ ಬರ್ರಿ.”

“ಬರಾಕ ಆಗವಲ್ದು.”

“ಹಂಗಾರ ಹಂಗ ಕೆಲಸಕ್ಕ ಹೋಗ್ರಿ,” ಎಂದು ಹೇಳಿದ ಸುಂದ್ರವ್ವನವರು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಜಿಪ್ಪಿಗೆ ಸುರಿದು ಗಂಡನನ್ನು ಬಿಡಿಸಿಕೊಂಡು ಹೋದರು. ಮಲಗುಚೀಲಗಳಿಗೆ ಎಣ್ಣೆ ಹಚ್ಚಬಾರದೆಂದು ಬಾಡಿಗೆಯವರು ತಕರಾರು ಮಾಡಿದ್ದರಿಂದ ಈ ನಿಯಮವನ್ನು ಹಿಂಪಡೆಯಲಾಗಿದೆ.

೫. ತೆಂಗಿನಕಾಯಿ

ಉದ್ಯಾನದೊಳಗೆ ಯಾವ ಕಸವನ್ನೂ ಬಿಡುವಂತಿಲ್ಲವೆಂದು ಯಕ್ಷಿತಾ ತಿಳಿಸಿದರು. ಹಾಗಾದರೆ ತೆಂಗಿನ ಕರಟ ಕಸವೇ ಎಂಬ ಪ್ರಶ್ನೆ ನೀಲಾವತಿಯವರಿಂದ ಬಂತು. ಅವರು ಚಟ್ನಿಗೆಂದು ಕಾಯಿಗಳನ್ನು ಕಟ್ಟಿಡತೊಡಗಿದ್ದು ಆಗಲೇ ಬೆಳಕಿಗೆ ಬಂದದ್ದು. “ಅತ್ತೆ, ವೇಟ್ ನೋಡಿ, ಪ್ಲೀಸ್,” ಎಂದು ಯಕ್ಷಿತಾ ಬೇಡಿಕೊಂಡರು. ಮುಖ್ಯಸ್ಥರು ಇದನ್ನೇ ಕಾಯುತ್ತಿದ್ದವರಂತೆ, ಕಾಯಿಯಿಲ್ಲದೆ ಅಕ್ಕನಿಗೆ ಊಟ ಸೇರದು, ಊಟ ಸೇರದವರು ಬೆಟ್ಟ ಹತ್ತಲಾರರು, ಆದ್ದರಿಂದ ಹೋಗತಕ್ಕದ್ದಲ್ಲ ಎಂದು ಸುತ್ತೋಲೆಯ ಕರಡು ತಯಾರಿಸಿದರು. ಕರಡಿನ ಶಾಯಿ ಆರುವ ಮೊದಲೇ ನೀಲಾವತಿಯವರು ಕಾಯಿಗಳನ್ನು ಅಡಿಗೆಮನೆಗೆ ಮರಳಿ ಕಳಿಸಿ, ಒಂದು ಡಬ್ಬಿ ಚಟ್ನಿಪುಡಿ ಮಾತ್ರ ಇಟ್ಟುಕೊಂಡರು.

ಅಂದು ಮುಖ್ಯಸ್ಥರು ತುಸು ಕಳವಳಗೊಂಡಿದ್ದನ್ನು ಹೋಟೆಲಿನ ಮಾಣಿಗಳು ಗಮನಿಸಿದ್ದಾರೆ. ಅಕ್ಕ ಕಾಯಿಯನ್ನೇ ಬಿಟ್ಟುಕೊಟ್ಟಳೆಂದರೆ ಹೋಗುವುದು ನಿಜವೇ ಎಂಬುದು ಅವರಿಗೆ ಆಗ ಹೊಳೆದಂತಿತ್ತು. ಯಾರೋ ಸಾಂಬಾರ್ ಕೇಳಿದರೆ ನೀರು ಕೊಟ್ಟರು.

೬. ಭಾರ ಹೊತ್ತು ಹತ್ತುವ ಪರೀಕ್ಷೆ

ಇದು ಕೊನೆಯ ಸುತ್ತೋಲೆ. ಚಾರಣಿಗರು ಬೆನ್ನ ಮೇಲೆ ಅಕ್ಕಿಯ ಚೀಲ ಹೊತ್ತು, ಹಳೆಯ ಕೋಟೆಯಾದ ಸಯನ್ ಕಿಲ್ಲಾವನ್ನು ಹತ್ತಿ, ಏದುಸಿರಿಲ್ಲದೆ ಮೇಲೆ ನಿಂತು ತಮ್ಮ ಹೆಸರು, ವಿಳಾಸ ಹೇಳತಕ್ಕದ್ದೆಂದು ವಿಧಿಸಲಾಗಿತ್ತು. ಸಯನ್ ಕಿಲ್ಲಾವನ್ನು ಕಂಡವರಿಗೆ ಅದು ಬೆಟ್ಟವಲ್ಲ, ದಿಬ್ಬವೆಂದು ಗೊತ್ತು. ಸಂಜೆ ಹೊತ್ತು ಪ್ರೇಮಿಗಳೂ ಮಧುಮೇಹಿಗಳೂ ಹತ್ತುತ್ತಾರೆ. ಆದುದರಿಂದ ಚೀಲವನ್ನು ಮುಖ್ಯಸ್ಥರು ಸ್ವತಃ ತುಂಬಿದರು.

ಅಣವೀರಪ್ಪನವರು ದಡದಡ ಹತ್ತಿ ಮೇಲಿನಿಂದ ಹೆಸರನ್ನೂ ವಿಳಾಸವನ್ನೂ, ಯಾರೂ ಕೇಳದಿದ್ದರೂ ಪಿನ್‌ಕೋಡನ್ನೂ ಕೂಗಿ ಹೇಳಿದರು. ನೀಲಾವತಿಯವರು ನಿಧಾನವಾಗಿ, ಒಂದೇ ಸಮನೆ ಹತ್ತುತ್ತಿದ್ದರು. ಮುಖ್ಯಸ್ಥರು ಪರೀಕ್ಷಕರಾಗಿ ಬರಿಗೈಯಲ್ಲಿ ಹಿಂದಿನಿಂದ ಹೊರಟಿದ್ದರು. ಅರ್ಧ ದಾರಿಯಲ್ಲಿ ನೀಲಾವತಿಯವರು ತಿರುಗಿ ನೋಡಿದಾಗ ಪರೀಕ್ಷಕರು ಕಾಣಲಿಲ್ಲ. ಕೆಳಗಿಳಿದು ಬಂದು ನೋಡಿದರೆ ಕಲ್ಲುಬೆಂಚಿನ ಮೇಲೆ ಕುಳಿತು ಎದೆ ನೀವಿಕೊಳ್ಳುತ್ತಿದ್ದರು.

“ಎಂತಾಯ್ತು ಅಣ್ಣು?”

“ಏನಿಲ್ಲ. ನೀನು ಹತ್ತು. ಪರೀಕ್ಷೆ ನಿನಗೆ.”

ನೀಲಾವತಿಯವರು ಚೀಲ ಇಳಿಸಿ ಪಕ್ಕದಲ್ಲಿ ಕುಳಿತರು. ಕೆಳಗೆ ಲೋಕಲ್ ಒಂದು ಸ್ಟೇಷನ್ನಿಗೆ ಬಂದು, ನಿಂತು, ಹೋಯಿತು.

“ಹೇಳಿದ್ದಕ್ಕಿಂತ ಜಾಸ್ತಿ ಅಕ್ಕಿ ಹಾಕಿದ್ದಿ ಅಲ್ವಾ?”

“ಸ್ವಲ್ಪ.”

“ನಾನು ಹೋಗುದು ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ. ಇಷ್ಟು ಕಾಗದ ಎಂತಕ್ಕೆ ಮಾರಾಯ?”

ಮುಖ್ಯಸ್ಥರು ಅಕ್ಕಿಯ ಚೀಲದ ಬಾಯಿಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಇದನ್ನು ವಿಭಾಗವು ಹೇಗೆ ದಾಖಲಿಸಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟಿದೆ.

“ಹೇಳಿದ್ರೆ ನೀನು ನಿಂತುಬಿಡ್ತಿದ್ದೆ ಅಕ್ಕ,” ಎಂದರು ಆಮೇಲೆ. “ಅದಕ್ಕೇ ಹೇಳ್ಲಿಲ್ಲ.”

ನೀಲಾವತಿಯವರು ತಮ್ಮನ ಮುಖ ನೋಡಿದರು.

“ಈ ಊರಲ್ಲಿ ನೀನಿಲ್ಲದೆ ನಾನು ಇದ್ದದ್ದೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದ್ರೆ ನೀನು ಗಲ್ಲಾದಲ್ಲಿ ಇರ್ತಿ. ಇಲ್ಲದಿದ್ರೆ ಹೇಗಿರ್ತದೆ ಅಂತ ನಂಗೆ ಗೊತ್ತೇ ಇಲ್ಲ. ಅಲ್ಲಿ ನಿನಗೆ ಏನಾದ್ರೂ ಆದ್ರೆ...” ಎಂದು ಹೇಳಿ ನಿಲ್ಲಿಸಿದರು. ಕರಡಿಯ ಪ್ರಸ್ತಾಪ ಮಾಡಲಿಲ್ಲ.

“ನಂಗೂ ಹೆದರಿಕೆ ಉಂಟು,” ಎಂದರು ನೀಲಾವತಿ. “ಟ್ರೇನ್‌ನಲ್ಲಿ ಅಷ್ಟು ದೂರ ನಾನೂ ಹೋದದ್ದಿಲ್ಲ. ಊರಿನಿಂದ ಬರುವಾಗ ನೀನು ಇದ್ದಿ, ನಿನ್ನನ್ನು ನೋಡಿಕೊಳ್ಳುದ್ರಲ್ಲಿ ಹೆದರ್ಲಿಕ್ಕೆ ಪುರುಸೊತ್ತೇ ಇರ್ಲಿಲ್ಲ. ಈಗ ಉಂಟು. ಹೆದರಿ ನೋಡ್ತೇನೆ. ನೀನೂ ಇದ್ದು ನೋಡು.”

ಪರೀಕ್ಷೆ ಅಲ್ಲಿಗೆ ಮುಕ್ತಾಯವಾಯಿತು. ಅಕ್ಕಿಯ ಚೀಲವನ್ನು ಕೆಳಗಿನವರೆಗೆ ಮುಖ್ಯಸ್ಥರೇ ಹೊತ್ತು ತಂದರು. ನಡುವೆ ಎಷ್ಟು ಕಡೆ ಕುಳಿತರೆಂಬುದನ್ನು ದಾಖಲಿಸಬಾರದೆಂದು ಅವರು ವಿನಂತಿಸಿದ್ದಾರೆ.

೭. ಪ್ರಯಾಣ ಮತ್ತು ಸಂಪರ್ಕ

ಯಕ್ಷಿತಾ, ನೀಲಾವತಿ ಮತ್ತು ಅಣವೀರಪ್ಪ ಇವರು ದಾದರ್‌ನಿಂದ ಉತ್ತರದ ಕಡೆಯ ರೈಲು ಹತ್ತಿದರು. ಬೀಳ್ಕೊಡಲು ಬಂದ ಸದಸ್ಯರ ಸಂಖ್ಯೆ ಕೈ ಇಳಿಸಿದವರ ಸಂಖ್ಯೆಗೆ ಸರಿಸಮನಾಗಿತ್ತು. ಉದ್ಯಾನದ ಅಂಚಿನ ಕೊನೆಯ ಹಳ್ಳಿಯಿಂದ ಯಕ್ಷಿತಾ ಫೋನ್ ಮಾಡಿ, “ಪಪ್ಪಾ, ಇನ್ನು ನೆಟ್‌ವರ್ಕ್ ಇಲ್ಲ, ಟೆನ್ಶನ್ ಮತ್ ಲೇನಾ,” ಎಂದರು. ಮುಖ್ಯಸ್ಥರು ಅಂದಿನಿಂದಲೇ ಟೆನ್ಶನ್ ತೆಗೆದುಕೊಂಡರು.

ಗಲ್ಲಾದಲ್ಲಿ ಕೂತು, ಫೋನನ್ನು ಸೋಂಪಿನ ಬಟ್ಟಲಿಗೆ ಒರಗಿಸಿಟ್ಟು, ಸಂಪರ್ಕ ಸಿಗುತ್ತಿಲ್ಲವೆಂದು ಹೇಳುವ ಹೆಣ್ಣುದನಿಯನ್ನು ಹಿಂದಿ, ಇಂಗ್ಲಿಷ್, ಮರಾಠಿ ಮೂರರಲ್ಲೂ ಕೇಳಿಸಿಕೊಂಡರು. ಶನಿವಾರ ಮುಂಜಾನೆ ಚೀಲ ಹೊತ್ತು ಬಂದ ಹುಡುಗರನ್ನು ತಡೆದು ನಿಲ್ಲಿಸಿ, ಹಿಮಾಲಯದಲ್ಲಿ ನೆಟ್‌ವರ್ಕ್ ಯಾವಾಗ ಬರುತ್ತದೆಂದು ಕೇಳಿದರು. ಹುಡುಗರು ಹೊರಟಿದ್ದು ಇಲ್ಲೇ ಹತ್ತಿರದ ಕರ್ಜತ್ ಕಡೆಗೆ. ಅವರಿಗೆ ಗೊತ್ತಿರಲಿಲ್ಲ. ಆದರೂ ಮುಖ್ಯಸ್ಥರು ಅವರಿಗೆ ಕೇಳದಿದ್ದ ವಡೆಗಳನ್ನು ಕಟ್ಟಿಸಿಕೊಟ್ಟು, ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದು ವಿಚಾರಿಸಿದರು.

ಒಂದು ಸಂಜೆ ಸುಂದ್ರವ್ವನವರು ಚಹಾ ಕುಡಿಯಲು ಬಂದರು. ಇವರ ಗಂಡನೂ ಅದೇ ಬೆಟ್ಟದಲ್ಲಿದ್ದರೂ ಇವರು ಬಿಸ್ಕತ್ತನ್ನು ಸಾವಕಾಶವಾಗಿ ಅದ್ದಿ ತಿನ್ನುತ್ತಿರುವುದನ್ನು ಕಂಡು, “ನಿಮಗೆ ಎಂತದೂ ಅನ್ನಿಸುದಿಲ್ವಾ?” ಎಂದು ಮುಖ್ಯಸ್ಥರು ಕೇಳಿದರು.

“ಅನಸ್ತೈತ್ರಿ. ಆದ್ರ ಸಿಗ್ನಲ್ ಇಲ್ಲಂದ್ರ ಮನಷ್ಯಾನ ಇಲ್ಲಂತ ಅಲ್ಲ ಬಿಡ್ರಿ. ನಮ್ಮವ್ರು ಕೆಲಸಕ್ಕ ಹೋದಾಗ ದಿನಾ ಆಕಾಶದಾಗ ನಿಂತಿರ್ತಾರ. ನಾ ದಿನಾ ರೊಟ್ಟಿ ಬಡೀತೀನಿ.”

ಮುಖ್ಯಸ್ಥರು ಅಂದು ಫೋನನ್ನು ಡ್ರಾಯರಿನೊಳಗೆ ಇಟ್ಟರು. ಮರುದಿನ ಗಿರಾಕಿಯೊಬ್ಬರು ಸಾಂಬಾರ್ ಕೇಳಿದಾಗ ಸಾಂಬಾರನ್ನೇ ಕೊಟ್ಟರು.

೮. ಬೆಟ್ಟದಲ್ಲಿ ನಡೆದದ್ದು

ಈ ಭಾಗವನ್ನು ಯಕ್ಷಿತಾ ಅವರ ಹೇಳಿಕೆಯ ಆಧಾರದ ಮೇಲೆ ನಮೂದಿಸಲಾಗಿದೆ.

ಕಾಡು ಮುಗಿದು ಹುಲ್ಲುಗಾವಲು ತೊಡಗುವಲ್ಲಿಯ ಬಿಡಾರವನ್ನು ಎಲ್ಲರೂ ಕ್ಷೇಮವಾಗಿ ತಲುಪಿದರು. ಅಲ್ಲಿಂದ ಮೇಲೆ, ಕಣಿವೆಯಾಚೆಯ ಶಿಖರಗಳು ಕಾಣುವ ದಿಣ್ಣೆಗೆ ಹೊರಟಾಗ ಯಕ್ಷಿತಾ ಅವರಿಗೇ ತಲೆ ಸಿಡಿಯತೊಡಗಿತು. ವಾಂತಿಯಾಯಿತು. ಕಾಲು ಎತ್ತಿಡಲಾಗಲಿಲ್ಲ. ಅಲ್ಲಿಯ ಮಾರ್ಗದರ್ಶಕರು ಇದು ಎತ್ತರದ ಕಾಯಿಲೆ, ಈಗಲೇ ಕೆಳಗಿನ ಬಿಡಾರಕ್ಕೆ ಇಳಿಸಬೇಕು, ಇಳಿದರೆ ಸರಿಹೋಗುತ್ತದೆ, ಹತ್ತಿದರೆ ಕೆಡುತ್ತದೆ ಎಂದು ಖಂಡಿತವಾಗಿ ಹೇಳಿದರು. ಎಲ್ಲರೂ ಇಳಿದರು. ಮರುದಿನಕ್ಕೆ ತಲೆನೋವು ತಗ್ಗಿತಾದರೂ ಯಕ್ಷಿತಾ ಮತ್ತೆ ಮೇಲೇರುವಂತಿರಲಿಲ್ಲ. ಒಬ್ಬರು ಜೊತೆಗಿದ್ದರೆ ಸಾಕು, ಉಳಿದವರು ದಿಣ್ಣೆಗೆ ಹೋಗಿ ಸಂಜೆಯೊಳಗೆ ಮರಳಬಹುದು ಎಂದು ಮಾರ್ಗದರ್ಶಕರು ತಿಳಿಸಿದರು.

“ನಾ ಇಲ್ಲೇ ಕೂಡ್ತೀನಿ, ನೀವು ಹೋಗ್ರೀ ಅಕ್ಕಾರ,” ಎಂದರು ಅಣವೀರಪ್ಪ.

“ನೀವು ಹೋಗಿ. ಯಾರೂ ಕಟ್ಟದ್ದು ಹತ್ತಬೇಕು ಅಂತ ಬಂದವರು ನೀವು,” ಎಂದರು ನೀಲಾವತಿ.

ಯಕ್ಷಿತಾ ಗುಡಾರದೊಳಗಿನಿಂದ ಅಳತೊಡಗಿದರು. “ಸಾರಿ ಅತ್ತೆ. ಎಲ್ಲ ಪ್ಲಾನ್ ನಾನೇ ಮಾಡಿದ್ದು. ನಿಮ್ಮದು ಟಾಪ್ ನನ್ನಿಂದ ಹೋಯ್ತು.”

“ಟಾಪ್ ಇಲ್ಲೇ ಇರ್ತದೆ. ನೀನು ಮಲಗು.”

ಯಕ್ಷಿತಾ ಮಲಗಿದರು. ಎಚ್ಚರವಾದಾಗಲೆಲ್ಲ ಗುಡಾರದ ಬಾಗಿಲಲ್ಲಿ ಅತ್ತೆಯ ಬೆನ್ನು ಕಾಣುತ್ತಿತ್ತು. ಹುಲ್ಲಿನ ಮೇಲೆ ಕಾಲು ಚಾಚಿ, ಕೈಗಳನ್ನು ಹಿಂದಕ್ಕೆ ಊರಿ ಕುಳಿತಿದ್ದರು. ಹಾಗೆ ಕುಳಿತದ್ದನ್ನು ಯಕ್ಷಿತಾ ಅದುವರೆಗೆ ಕಂಡಿರಲಿಲ್ಲ. ಬಿಸಿಲು ಬಂತು, ಮೋಡ ಬಂತು, ಮೋಡ ಹೋಯಿತು. ಒಮ್ಮೆ ಕುರಿಗಳ ಹಿಂಡು ಅವರನ್ನು ಬಳಸಿಕೊಂಡು ಮೇಯುತ್ತ ಹೋಯಿತು. ಅತ್ತೆ ಜಾಗ ಬಿಟ್ಟುಕೊಡಲಿಲ್ಲ, ಕುರಿಗಳೂ ಕೇಳಲಿಲ್ಲ.

ಸಂಜೆ ಅಣವೀರಪ್ಪನವರು ಇಳಿದು ಬಂದರು. ಮೇಲೆ ಏನಿತ್ತು ಎಂದು ಯಕ್ಷಿತಾ ಕೇಳಿದ್ದಕ್ಕೆ, “ಕಲ್ಲ ಐತಿ, ಗಾಳಿ ಐತಿ. ಒಂದು ಇಟ್ಟಂಗಿ ಇಲ್ಲ ನೋಡವಾ,” ಎಂದು ಹೇಳಿ ಆ ಕಡೆ ಮುಖ ತಿರುಗಿಸಿಕೊಂಡರು. ಅವರ ಕಣ್ಣು ಒದ್ದೆಯಾಗಿದ್ದುದಕ್ಕೆ ಗಾಳಿಯೇ ಕಾರಣವೆಂದು ಅವರು ಸ್ಪಷ್ಟೀಕರಣ ನೀಡಿದ್ದಾರೆ.

೯. ಮರಳಿ ಬಂದದ್ದು

ರೈಲು ಇಳಿದ ನೀಲಾವತಿಯವರು ಮನೆಗೆ ಹೋಗದೆ ನೇರ ಹೋಟೆಲಿಗೆ ಬಂದರು. ಬೆಳಗಿನ ಗದ್ದಲ ಇಳಿದ ಹೊತ್ತು. ಮೂಗಿನ ತುದಿ ಬಿಸಿಲಿಗೆ ಸುಟ್ಟು ಸುಲಿದಿತ್ತು. ಮುಖ್ಯಸ್ಥರು ಗಲ್ಲಾದಿಂದ ದಡಬಡ ಎದ್ದು ನಿಂತು ಜಾಗ ಬಿಟ್ಟುಕೊಟ್ಟರು. ನೀಲಾವತಿಯವರು ಅಲ್ಲಿ ಕೂರದೆ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಗಿರಾಕಿಗಳ ಹಾಗೆ ಕೂತರು. ಮಾಣಿ ಬೆರಗಾಗಿ ನೀರಿನ ಲೋಟ ತಂದಿಟ್ಟ. ಕಾಫಿ ಬಂತು. ಮುಖ್ಯಸ್ಥರು ಎದುರಿನ ಕುರ್ಚಿಯಲ್ಲಿ ಕೂತು, ಅಕ್ಕ ಕಾಫಿ ಮುಗಿಸುವವರೆಗೆ ತಡೆದರು. ಅದಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ.

“ತುದಿಗೆ ಹೋಗ್ಲಿಲ್ಲವಂತೆ?”

“ಇಲ್ಲ.”

“ಮತ್ತೆ? ಅಷ್ಟು ದೂರ ಹೋಗಿ ಎಂತ ಕಂಡೆ ಅಕ್ಕ?”

ನೀಲಾವತಿಯವರು ಯೋಚಿಸಿದರು. ಹೊಗಳಿ ಹೇಳಲು ಯೋಚಿಸಿದ್ದಲ್ಲ, ಸರಿಯಾಗಿ ಹೇಳಲು.

“ಒಂದು ಇಡೀ ದಿನ ಕೂತಿದ್ದೆ ಅಣ್ಣು. ಬೆಳಿಗ್ಗೆಯಿಂದ ಸಂಜೆವರೆಗೆ ಯಾರೂ ನನ್ನ ಹತ್ರ ಏನೂ ಕೇಳ್ಲಿಲ್ಲ. ಚಿಲ್ಲರೆ ಕೇಳ್ಲಿಲ್ಲ, ಚಟ್ನಿ ಕೇಳ್ಲಿಲ್ಲ. ಅಂಥ ದಿನ ಒಂದು ಇರ್ತದೆ ಅಂತಲೇ ನಂಗೆ ಗೊತ್ತಿರ್ಲಿಲ್ಲ.”

ಮುಖ್ಯಸ್ಥರು ತಲೆಯಾಡಿಸಿದರು. ಆಗ ಉಗ್ರಾಣದ ಬಾಗಿಲಲ್ಲಿ ಅಡಿಗೆಯವರು ಬಂದು ನಿಂತು, ಹುಣಿಸೆಹಣ್ಣಿನ ಹೊಸ ಮೂಟೆ ಎಲ್ಲಿದೆ ಎಂಬಂತೆ ಕೈ ತಿರುವಿದರು. ಅದು ಎಲ್ಲಿದೆಯೆಂದು ಇಡೀ ಹೋಟೆಲಿನಲ್ಲಿ ಗೊತ್ತಿದ್ದುದು ಒಬ್ಬರಿಗೆ ಮಾತ್ರ. ಮುಖ್ಯಸ್ಥರು ಅಕ್ಕನ ಕಡೆ ತಿರುಗಿ ಬಾಯಿ ತೆರೆದರು. ನಂತರ ಬಾಯಿ ಮುಚ್ಚಿ, ಎದ್ದು, ತೋಳು ಮಡಚಿಕೊಂಡು ತಾವೇ ಹುಡುಕಲು ಒಳಗೆ ಹೋದರು.

ಆದೇಶ

ಮೇಲೆ ವಿವರಿಸಿದ ಕಾರಣಗಳಿಂದಾಗಿ, ಒಂದರಿಂದ ಆರರವರೆಗಿನ ನಿಯಮಗಳು ತಕ್ಷಣದಿಂದ ರದ್ದಾಗಿವೆ. ಮುಂದಿನ ಪ್ರವಾಸಗಳಿಗೆ ಈ ಕೆಳಗಿನ ಒಂದೇ ನಿಯಮ ಅನ್ವಯಿಸುವುದೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ:

ಪ್ರವಾಸದಿಂದ ಮರಳಿದ ಸದಸ್ಯರ ಹತ್ತಿರ ಆ ದಿನ ಪೂರ್ತಿ ಯಾರೂ ಏನನ್ನೂ ಕೇಳತಕ್ಕದ್ದಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳತಕ್ಕದ್ದು. ಹುಣಿಸೆಹಣ್ಣನ್ನು ಹುಡುಕಿಕೊಳ್ಳತಕ್ಕದ್ದು.

ಮುಖ್ಯಸ್ಥರ ಅಪ್ಪಣೆಯ ಮೇರೆಗೆ,

ಸಹಿ/-
(ಪ್ರಶಾಂತ)
ಕಾರ್ಯದರ್ಶಿ, ಪ್ರವಾಸ ವಿಭಾಗ

ಪ್ರತಿಗಳು:

೧. ಎಲ್ಲ ಸದಸ್ಯರಿಗೆ, ಇನ್ನು ಮುಂದೆ ಚಿತ್ರಗಳನ್ನು ನೋಡಿದ ನಂತರವೇ ಕೈ ಎತ್ತುವ ಸಲುವಾಗಿ.

೨. ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಿಗೆ, ನೀರಿನ ವಿಷಯದಲ್ಲಿ ವಿಷಾದದೊಂದಿಗೆ.

೩. ಸುಂದ್ರವ್ವನವರಿಗೆ. ಅವರಿಗೆ ಮೊದಲೇ ಗೊತ್ತಿದ್ದುದರಿಂದ ಓದುವುದು ಕಡ್ಡಾಯವಲ್ಲ.

೪. ಹೋಟೆಲಿನ ಅಡಿಗೆಯವರಿಗೆ, ಉಗ್ರಾಣದ ಬಾಗಿಲಿಗೆ ಅಂಟಿಸಲು.

೫. ನೀಲಾವತಿಯವರಿಗೆ, ಮಾಹಿತಿಗಾಗಿ ಮಾತ್ರ. ಉತ್ತರವನ್ನು ಅಪೇಕ್ಷಿಸಿಲ್ಲ.